ಆ ಶನಿವಾರ ಅವನು ನನ್ನ ಜೊತೆಗಿದ್ದ

ಕಳ್ಳರ ವಿಷಯ ಓದಿದವರಿಗೂ ಯಾರಾದರೂ ಸಂಬಳ ಕೊಡುತ್ತಾರೆ ಎಂಬುದನ್ನು ನಮ್ಮಪ್ಪ ಕೊನೆಯವರೆಗೂ ಪೂರ್ತಿ ನಂಬಲಿಲ್ಲ. ನಾವು ಬೆಸಗರಹಳ್ಳಿ ಕಡೆಯ ಬೇಸಾಯದ ಮನೆಯವರು. ನಾನು ಮಂಡ್ಯದ ಕಾಲೇಜೊಂದರಲ್ಲಿ ಅಪರಾಧಶಾಸ್ತ್ರ ಪಾಠ ಮಾಡುತ್ತೇನೆ. ಊರಲ್ಲಿ ಯಾರಾದರೂ ಕೇಳಿದರೆ ಅಪ್ಪ "ಮಗಳು ಟೀಚರು" ಎಂದಷ್ಟೇ ಹೇಳಿ, ಮಾತನ್ನು ನಾಲೆ ನೀರಿನ ಕಡೆಗೆ ತಿರುಗಿಸಿಬಿಡುತ್ತಿದ್ದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಳವಳ್ಳಿ ತಾಲ್ಲೂಕಿನ ಎರಡು ಕೇರಿಗಳನ್ನು ಆರಿಸಿಕೊಂಡು ಒಂದು ಅಧ್ಯಯನ ಶುರು ಮಾಡಿದೆ. ಎರಡೂ ಒಂದೇ ಥರದ ಬಡ ಕೇರಿಗಳು. ಒಂದಕ್ಕೆ ಕಳ್ಳರ ಕೇರಿ ಎಂಬ ಹೆಸರು ಬಿದ್ದಿತ್ತು, ಇನ್ನೊಂದಕ್ಕೆ ಬಿದ್ದಿರಲಿಲ್ಲ. ಯಾಕೆ ಹೀಗೆ ಎಂದು ತಿಳಿಯುವುದು ನನ್ನ ಆಸೆ. ಹರೆಯದಲ್ಲಿ ಒಂದಾದರೂ ಪೊಲೀಸ್ ಕೇಸು ಇದ್ದವರನ್ನು ಹುಡುಕಿ ಮಾತಾಡಿಸುತ್ತಿದ್ದೆ. ನಾಲ್ಕೈದು ವರ್ಷ ಬಿಟ್ಟು ಅವರ ಹತ್ತಿರವೇ ಹೋಗಿ ಅವೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತಿದ್ದೆ. ಎಲ್ಲಿದ್ದೀಯ, ಯಾರನ್ನು ಮದುವೆಯಾದೆ, ಏನು ಕೆಲಸ, ಪೊಲೀಸರು ಕೊನೆಗೆ ಬಂದದ್ದು ಯಾವಾಗ. ಮನುಷ್ಯ ಕಳ್ಳತನಕ್ಕೆ ಯಾಕೆ ಇಳಿಯುತ್ತಾನೆ ಎನ್ನುವುದನ್ನು ಬೇಕಾದಷ್ಟು ಜನ ಬರೆದಿದ್ದಾರೆ. ಯಾಕೆ ಬಿಡುತ್ತಾನೆ ಎನ್ನುವುದು ನನ್ನನ್ನು ಹೆಚ್ಚು ಕಾಡುತ್ತಿತ್ತು.

ಮೊದಲ ಸುತ್ತಿನಲ್ಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಸುತ್ತಮುತ್ತ ಎಲ್ಲೇ ಏನೇ ಕಳುವಾದರೂ ಜೀಪು ಮೊದಲು ಹೋಗುತ್ತಿದ್ದದ್ದು ಹೆಸರು ಕೆಟ್ಟ ಆ ಕೇರಿಗೆ. ಹುಡುಕಿದ ಕಡೆ ತಾನೇ ಏನಾದರೂ ಸಿಗುವುದು. ಸಿಕ್ಕಷ್ಟೂ ಹೆಸರು ಇನ್ನಷ್ಟು ಕೆಡುತ್ತಿತ್ತು. ಇದನ್ನೇ ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಪಾಠ ಮಾಡುವುದು ಸುಲಭ.

ನಾನು ಹೇಳಹೊರಟಿರುವವನ ಮನೆ ಆ ಕೇರಿಯಲ್ಲಿ, ಕಿರುಗಾವಲಿನ ಹತ್ತಿರ. ಮೊದಲು ನೋಡಿದಾಗ ಅವನಿಗೆ ಇಪ್ಪತ್ತೆರಡಿರಬೇಕು. ಹರೆಯದಲ್ಲಿ ಪಂಪ್‌ಸೆಟ್ಟಿನ ಕೇಬಲ್ ಕದ್ದ ಎರಡು ಕೇಸುಗಳಿದ್ದವು. ಇದನ್ನೆಲ್ಲ ಬರೆದುಕೊಂಡರೆ ನಿಮಗೇನು ಸಿಗುತ್ತದೆ ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿದ್ದ. ಎರಡನೆಯ ಸುತ್ತಿಗೆ ಹೋದಾಗ ಮದುವೆಯಾಗಿದ್ದ, ಡ್ರೈವಿಂಗ್ ಕಲಿತಿದ್ದ. ಮೂರನೆಯ ಸುತ್ತಿನ ಹೊತ್ತಿಗೆ ಒಂದು ಶಾಲೆಯ ವ್ಯಾನು ಓಡಿಸುತ್ತಿದ್ದ. ಹೆಂಡತಿ ಮದ್ದೂರಿನ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು, ಎರಡು ಮಕ್ಕಳಿದ್ದವು. ಒಳ್ಳೆಯ ಹೆಂಡತಿ, ಖಾಯಂ ಕೆಲಸ ಸಿಕ್ಕರೆ ಮನುಷ್ಯ ತಿರುಗಿಕೊಳ್ಳುತ್ತಾನೆ ಎಂದು, ಅವನ ಹೆಸರು ಹಾಕದೆ, ಅವನ ಬದುಕನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಲೇಖನ ಬರೆದೆ. ಬರೆದದ್ದನ್ನು ಅವನಿಗೂ ಓದಿ ಹೇಳಿದ್ದೆ. ತಲೆ ತಗ್ಗಿಸಿ ಕೇಳಿಸಿಕೊಂಡಿದ್ದ. ನಾಚಿಕೆ ಇರಬೇಕು ಎಂದುಕೊಂಡಿದ್ದೆ.

ಅವನ ತಾಯಿ ನಾನು ಹೋದಾಗಲೆಲ್ಲ ಮಜ್ಜಿಗೆ ಕೊಡುತ್ತಿದ್ದಳು. ಕೊಡುವಾಗ ಒಂದೇ ಮಾತು: ದೊಡ್ಡವನು ಮನೆಯ ಮಾನ ಕಳೆದ, ಚಿಕ್ಕವನು ಉಳಿಸಿದ. ದೊಡ್ಡ ಮಗ ಅಕ್ಕಿ ಮಿಲ್ಲೊಂದಕ್ಕೆ ನುಗ್ಗಿ ಕಾವಲುಗಾರನ ತಲೆಗೆ ಹೊಡೆದು ಜೈಲಿಗೆ ಹೋಗಿದ್ದ. ಕಾವಲುಗಾರ ಉಳಿದುಕೊಂಡ, ಆದರೆ ಆಮೇಲೆ ಮಾತು ಸರಿಯಾಗಿ ಹೊರಡಲಿಲ್ಲ. ಜೈಲಿನಿಂದ ಬಂದ ಮಗನನ್ನು ತಾಯಿ ಹೊಸ್ತಿಲು ದಾಟಲು ಬಿಡಲಿಲ್ಲ. ಅನ್ನ ಜಗಲಿಯ ಮೇಲೆ, ಮಲಗುವುದು ಪಕ್ಕದ ದನದ ಕೊಟ್ಟಿಗೆಯಲ್ಲಿ. ಎರಡನೆಯ ಸುತ್ತಿನಲ್ಲಿ ನಾನು ಅವನನ್ನು ಒಮ್ಮೆ ನೋಡಿದ್ದೇನೆ. ಜಗಲಿಯಲ್ಲಿ ಕೂತು ಮುದ್ದೆ ಉಣ್ಣುತ್ತಿದ್ದವನು ನನ್ನನ್ನು ಕಂಡು ತಟ್ಟೆ ಎತ್ತಿಕೊಂಡು ಸರಿದು ಜಾಗ ಬಿಟ್ಟ. ಮುಂದಿನ ಸಲ ಹೋಗುವಷ್ಟರಲ್ಲಿ ಎದೆರೋಗದಿಂದ ಸತ್ತಿದ್ದ.

ನಾಲ್ಕನೆಯ ಸುತ್ತಿಗೆ ನಾನು ಹೋದದ್ದು ಒಂದು ಶನಿವಾರ. ಅರ್ಧ ದಿನದ ಶಾಲೆ ಮುಗಿಸಿ, ಮಕ್ಕಳನ್ನು ಬಿಟ್ಟು ಬಂದಿದ್ದ. ಮನೆಯಲ್ಲಿ ಬೇಡ, ಕೆರೆ ಏರಿಯ ಮೇಲೆ ಕೂರೋಣ ಎಂದ. ಹಿಂದೆ ಯಾವತ್ತೂ ಹಾಗೆ ಕೇಳಿರಲಿಲ್ಲ. ಹೊಂಗೆ ಮರದ ಕೆಳಗೆ ಕೂತೆವು. ಏರಿಯ ಮೇಲೆ ಬೇರೆ ಒಂದು ನರಪಿಳ್ಳೆಯೂ ಇರಲಿಲ್ಲ. ಯಥಾಪ್ರಕಾರ ನೋಟ್‌ಬುಕ್ಕಿನ ಪುಟದ ನೆತ್ತಿಯಲ್ಲಿ ತಾರೀಖು, ಶುರುವಾದ ಹೊತ್ತು ಎರಡು ಗಂಟೆ ಎಂದು ಬರೆದುಕೊಂಡೆ. ಹೊತ್ತು ಬರೆಯುವುದು ನನಗೆ ಚಟ, ಪುಟ ತಿರುವಿದಾಗಲೆಲ್ಲ ಗಡಿಯಾರ ನೋಡಿ ಅಂಚಿನಲ್ಲಿ ಗುರುತು ಹಾಕುತ್ತೇನೆ.

ಕೊನೆಯ ಕಡೆಗೆ ಒಂದು ಪ್ರಶ್ನೆ ಬರುತ್ತದೆ. ನಿಮ್ಮ ಬದುಕಿನ ದಾರಿ ಬದಲಾದದ್ದು ಯಾವುದರಿಂದ? ಹಿಂದಿನ ಎರಡು ಸಲವೂ ಅವನು ಮದುವೆ ಎಂದಿದ್ದ. ಈ ಸಲ ಹಾಗೆನ್ನಲಿಲ್ಲ.

"ಸುಳ್ಳು ಬರುಸ್ಬುಟ್ಟೆ ನಿಮ್ ಕೈಲಿ ಇಷ್ಟ್ ವರ್ಸ," ಎಂದ. "ಆ ಕಾವಲುಗಾರಂಗೆ ಒಡ್ದೋನು ನಮ್ಮಣ್ಣ ಅಲ್ಲ ಮೇಡಮ್ಮೋರೆ. ನಾನು."

ಆಮೇಲೆ ನಿಧಾನವಾಗಿ ಎಲ್ಲ ಹೇಳಿದ, ನಾನು ಬರೆದುಕೊಂಡೆ. ಆಗ ಅವನಿಗೆ ಹತ್ತೊಂಬತ್ತು. ಪೊಲೀಸರು ಬಂದದ್ದು ಅವನನ್ನೇ ಹುಡುಕಿಕೊಂಡು. ಅಣ್ಣ ಬಾಗಿಲಿಗೆ ಅಡ್ಡ ನಿಂತು, ಮಾಡಿದವನು ನಾನು ಎಂದುಬಿಟ್ಟ. ಹೋಗುವಾಗ ತಮ್ಮನ ಕಿವಿಯಲ್ಲಿ, ಅವ್ವನನ್ನು ನೋಡಿಕೋ, ಇನ್ನು ಈ ಕಸುಬು ಬೇಡ ಎಂದನಂತೆ. ಜೈಲಿನಿಂದ ಬಂದ ಮೇಲೆ ಅಣ್ಣ ಎರಡು ವರ್ಷ ಜಗಲಿಯ ಮೇಲೆ ಉಂಡ. ಒಂದು ದಿನವೂ ಬಾಯಿ ಬಿಡಲಿಲ್ಲ. ಇವನು ಒಳಗೆ ಕೂತು ಉಂಡ, ಇವನೂ ಬಾಯಿ ಬಿಡಲಿಲ್ಲ.

"ನನ್ನ ಎಂಡ್ರು ತಿದ್ದುದ್ಲು ಅಂತ ನೀವು ಬರುದ್ರಿ. ಅಲ್ಲ ಕಣ್ರೀ. ಅಣ್ಣನ್ ತಟ್ಟೆ ನೋಡ್ ನೋಡ್ತಾ ನಾನು ಇಂಗಾದೆ," ಎಂದ. ತಾಯಿ ಬದುಕಿರುವವರೆಗೂ ಇದು ಯಾರಿಗೂ ತಿಳಿಯಬಾರದು ಎಂದ. ನಾನು ಮಾತು ಕೊಟ್ಟೆ. ಒಪ್ಪಿಗೆ ಪತ್ರದಲ್ಲೂ ಅದೇ ಇತ್ತು, ನೀವು ಹೇಳಿದ್ದು ನನ್ನನ್ನು ದಾಟಿ ಹೋಗುವುದಿಲ್ಲ ಎಂದು. ಅವನು ಪುಟದ ಕೆಳಗೆ ಸಹಿ ಹಾಕಿದಾಗ ನಾಲ್ಕು ಗಂಟೆ ದಾಟಿತ್ತು.

ಮಂಗಳವಾರ ಅವನನ್ನು ಶಾಲೆಯ ಗೇಟಿನಲ್ಲಿ, ಮಕ್ಕಳು ವ್ಯಾನಿನಿಂದ ಇಳಿಯುತ್ತಿರುವಾಗಲೇ, ಪೊಲೀಸರು ಹಿಡಿದುಕೊಂಡು ಹೋದರು.

ಆ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಮದ್ದೂರಿನ ಹೊರಗಡೆ ಬೈಕಿನಲ್ಲಿ ಬಂದವನೊಬ್ಬ ಮುದುಕಿಯ ಕತ್ತಿನ ಸರ ಕಿತ್ತುಕೊಂಡು ಹೋಗಿದ್ದ. ಆಕೆ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಹಳೇ ಆರೋಪಿಗಳ ಪಟ್ಟಿಯಲ್ಲಿ ಇವನ ಹೆಸರಿತ್ತು. ಫೋಟೋ ತೋರಿಸಿದಾಗ ಆಕೆ, ಇವನೇ ಇರಬಹುದು ಎಂದಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ, ಅವನ ಮೊಬೈಲು ಆ ಹೊತ್ತಿನಲ್ಲಿ ಮದ್ದೂರಿನಲ್ಲೇ ಇತ್ತು ಎಂದು ಟವರ್ ದಾಖಲೆ ಹೇಳುತ್ತಿತ್ತು. ಅದು ನಿಜವೇ. ಹೆಂಡತಿಯ ಮೊಬೈಲು ಹಿಂದಿನ ದಿನ ನೀರಿಗೆ ಬಿದ್ದು ಕೆಟ್ಟಿತ್ತು, ಗಾರ್ಮೆಂಟ್ಸಿಗೆ ಹೋಗುವಾಗ ಗಂಡನದನ್ನು ತೆಗೆದುಕೊಂಡು ಹೋಗಿದ್ದಳು. ಹೆಂಡತಿ ಹೇಳುವ ಇಂಥ ಮಾತನ್ನು ಯಾರು ನಂಬುತ್ತಾರೆ?

ಅವಳು ನನಗೆ ಫೋನು ಮಾಡಿದಳು. "ಅಕ್ಕಾ, ಸನಿವಾರ ಅವ್ರು ನಿಮ್ ಜೊತೆ ತಾನೆ ಇದ್ದುದ್ದು?"

ಹೌದು ಎಂದೆ. ಎದೆ ಎಷ್ಟು ಹಗುರಾಯಿತೆಂದರೆ ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಒಂದು ಮಾತು ಹೇಳಿದರೆ ಮುಗಿಯಿತು ಎಂದುಕೊಂಡು ಮದ್ದೂರಿನ ಬಸ್ಸು ಹತ್ತಿದೆ.

ಠಾಣೆಯ ಅಧಿಕಾರಿ ಕುರ್ಚಿ ಹಾಕಿಸಿದರು, ಟೀ ತರಿಸಿದರು. ನನ್ನ ಮಾತೆಲ್ಲ ಕೇಳಿ, ನೀವು ಓದಿರೋರು, ನಿಮ್ಮಂಥವರನ್ನು ಏಮಾರಿಸುವುದು ಇವರಿಗೆ ಸಲೀಸು ಎಂದರು. ಯಾವತ್ತು, ಎಷ್ಟು ಹೊತ್ತಿಗೆ ಎಂದು ಬರೆದಿಟ್ಟದ್ದು ಏನಾದರೂ ಇದೆಯೇ ಎಂದು ಕೇಳಿದರು. ಇದೆ ಎಂದೆ. ಹೇಳಿದ ಮರುಕ್ಷಣವೇ ಆ ಪುಟಗಳಲ್ಲಿ ಮತ್ತೇನಿದೆ ಎಂಬುದು ನೆನಪಾಯಿತು. ಮೊದಲು ಅವನನ್ನು ನೋಡಬೇಕು ಎಂದು ಹೇಳಿ ಎದ್ದುಬಂದೆ.

ಅಷ್ಟರಲ್ಲಿ ಅವನನ್ನು ಮಂಡ್ಯದ ಜೈಲಿಗೆ ಕಳಿಸಿದ್ದರು. ಜಾಲರಿಯ ಆ ಕಡೆ ಅವನು, ಈ ಕಡೆ ನಾನು, ಸುತ್ತ ನಮ್ಮ ಹಾಗೇ ಗಂಟಲು ಹರಿದುಕೊಂಡು ಮಾತಾಡುವ ಜನ. ನಾನು ಬಾಯಿ ತೆರೆಯುವ ಮೊದಲೇ ಅವನಿಗೆ ಗೊತ್ತಾಗಿತ್ತು.

"ಆ ಬುಕ್ಕ ಮಾತ್ರ ತರಬ್ಯಾಡಿ."

ಬೇರೆ ಸಾಕ್ಷಿ ಇಲ್ಲವಲ್ಲ ಎಂದೆ.

"ಇಲ್ದಿದ್ರೆ ಬುಡಿ, ನಾನಿಲ್ಲೇ ಇರ್ತೀನಿ. ಅಣ್ಣಂಗೆ ಅವ್ವ ಜಗಲಿ ಮ್ಯಾಲೆ ಇಕ್ಕುದ್ಲು. ತಪ್ಪೇ ಮಾಡ್ದೆ ಇದ್ದೋನ್ಗೆ ಅಂಗೆ ಇಕ್ಕುದ್ನಲ್ಲ ಅಂತ ಗೊತ್ತಾದ್ರೆ ಅವ್ಳು ಇನ್ನೊಂದು ತುತ್ತು ಉಣ್ಣಕಿಲ್ಲ. ನೀವ್ ಮಾತ್ ಕೊಟ್ಟಿದೀರಿ."

ನೋಟ್‌ಬುಕ್ಕಿಲ್ಲದೆಯೇ ನಾನು ಪ್ರಮಾಣಪತ್ರ ಬರೆದುಕೊಟ್ಟೆ. ಜಾಮೀನು ಅರ್ಜಿಯ ದಿನ ಸರ್ಕಾರಿ ವಕೀಲರು, ಇವರು ಆರೋಪಿಯನ್ನು ವರ್ಷಗಳಿಂದ ಬಲ್ಲವರು, ದಾಖಲೆ ಇದೆ ಎಂದು ಠಾಣೆಯಲ್ಲಿ ಹೇಳಿದ್ದಾರೆ, ಆದರೆ ತೋರಿಸುತ್ತಿಲ್ಲ, ಅದರಲ್ಲಿ ಆರೋಪಿಗೆ ಅನುಕೂಲವಾಗುವುದೇ ಇದ್ದರೆ ಬಚ್ಚಿಡುವುದೇಕೆ ಎಂದರು. ಅರ್ಜಿ ವಜಾ ಆಯಿತು. ನನ್ನ ಮಾತಿನಿಂದ ಅವನಿಗೆ ಸಹಾಯವಾಗುವುದಿರಲಿ, ಅವನ ಕುತ್ತಿಗೆ ಇನ್ನಷ್ಟು ಸಿಕ್ಕಿಕೊಂಡಿತು.

ತಾರೀಖು, ಹೊತ್ತು ಇರುವ ಮೊದಲ ಪುಟಗಳನ್ನಷ್ಟೇ ಹರಿದುಕೊಟ್ಟರೆ ಆಗದೇ ಎಂದು ಅವನ ಕಡೆಯ ವಕೀಲರನ್ನು ಕೇಳಿದೆ. ಬಿಡಿ ಹಾಳೆಯನ್ನು ಇವತ್ತು ಕೂತು ಬರೆದರೂ ಆಗುತ್ತದೆ ಎನ್ನುತ್ತಾರೆ, ಪುಸ್ತಕ ಪುಸ್ತಕವಾಗಿಯೇ ಬರಬೇಕು, ಹಿಂದಿನ ದಿನ ಮುಂದಿನ ದಿನ ಎಲ್ಲ ಸೇರಿ ಎಂದರು. ನನಗೆ ಪಾಠ ಹೇಳಿದ ಗುರುಗಳು ನಿವೃತ್ತರಾಗಿ ಮೈಸೂರಿನಲ್ಲಿದ್ದರು. ಅವರಿಗೆ ಫೋನು ಮಾಡಿದೆ. ಕೊಡಬೇಡ, ಒಬ್ಬನದು ಕೊಟ್ಟರೆ ಇನ್ನು ನಮ್ಮ ಎದುರು ಯಾರೂ ಬಾಯಿ ಬಿಡುವುದಿಲ್ಲ ಎಂದರು. ಅವರು ಹೇಳಿದ್ದು ಸರಿ. ಸರಿಯಾದ ಮಾತು ಕೇಳಿದ ಮೇಲೂ ಊಟ ಸೇರಲಿಲ್ಲ.

ಎರಡನೆಯ ತಿಂಗಳಲ್ಲಿ ಒಂದು ಭಾನುವಾರ ಬೆಳಿಗ್ಗೆ ಅವನ ಹೆಂಡತಿ ಮಂಡ್ಯದ ನನ್ನ ಮನೆಗೆ ಬಂದಳು. ಕೂರಲಿಲ್ಲ. ವಕೀಲರು ಎಲ್ಲ ಹೇಳಿದ್ದರು, ಒಂದು ಪುಸ್ತಕ ಕೊಟ್ಟರೆ ಗಂಡ ಹೊರಗೆ ಬರುತ್ತಾನೆ, ಅದು ಮೇಡಂ ಹತ್ತಿರ ಇದೆ ಎಂದು.

"ಏನೈತೆ ಅದ್ರಲ್ಲಿ?" ಎಂದಳು.

ಹೇಳುವ ಹಾಗಿಲ್ಲ ಎಂದೆ.

"ಬೇರೆ ಎಂಗ್ಸು ಮಡಿಕಂಡವ್ರಾ? ಅಂಗಾರೆ ಅದ್ನಾರ ಏಳಿ, ತಡ್ಕೋತೀನಿ."

ಅದಲ್ಲ ಎಂದೆ. ಅವಳು ಬಗ್ಗಿ ನನ್ನ ಕಾಲು ಹಿಡಿದುಕೊಂಡಳು. ಕಾಲು ಎಳೆದುಕೊಳ್ಳಲೂ ಆಗದೆ, ಅವಳನ್ನು ಎತ್ತಲೂ ಆಗದೆ ಬಾಗಿಲಿನ ಚೌಕಟ್ಟು ಹಿಡಿದು ನಿಂತೆ. ಪುಸ್ತಕ ಪಕ್ಕದ ಕೋಣೆಯ ಬೀರುವಿನಲ್ಲಿತ್ತು. ಆರೇಳು ಹೆಜ್ಜೆ. ತಂದುಕೊಟ್ಟುಬಿಡೋಣ ಎಂದು ಒಂದು ಸಲವಲ್ಲ, ಹತ್ತು ಸಲ ಅನ್ನಿಸಿತು. ಮಕ್ಕಳನ್ನು ಶಾಲೆಯಲ್ಲಿ ಕಳ್ಳನ ಮಕ್ಕಳು ಎನ್ನುತ್ತಾರೆ, ಚಿಕ್ಕವಳು ಶಾಲೆಗೇ ಹೋಗುವುದಿಲ್ಲ ಎನ್ನುತ್ತಿದ್ದಾಳೆ ಎಂದು ನೆಲ ನೋಡುತ್ತಲೇ ಹೇಳಿದಳು. ಆ ದಿನ ಮೊಬೈಲು ತಾನು ತೆಗೆದುಕೊಂಡು ಹೋಗದೇ ಇದ್ದಿದ್ದರೆ ಎಂದಳು. ಕೊನೆಗೆ ತಾನೇ ಎದ್ದು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ನೀವೂ ಪೊಲೀಸ್ನೋರಂಗೇ ಕಣಕ್ಕ," ಎಂದಳು. "ಬಡವ್ರುದ್ನೆಲ್ಲ ಬರ್ಕೊಂಡು ಬೀರೀಲಿ ಇಕ್ಕೋತೀರಿ."

ಅವಳು ಹೋದ ಮೇಲೆ ನನಗೆ ಒಂದು ಹುಚ್ಚು ಯೋಚನೆ ಬಂತು. ತಾಯಿಯನ್ನೇ ಕಂಡು, ಹೇಗಾದರೂ ಸುತ್ತಿಬಳಸಿ, ಅವಳಿಂದಲೇ ನನ್ನ ಮಾತಿನ ಕಟ್ಟು ಬಿಡಿಸಿಕೊಳ್ಳಬೇಕು. ಏನು ಹೇಳುತ್ತೇನೆ, ಹೇಗೆ ಹೇಳುತ್ತೇನೆ, ಒಂದೂ ತಿಳಿಯದೆ ಕಿರುಗಾವಲಿಗೆ ಹೋದೆ.

ಮುದುಕಿ ಬಹಳ ಇಳಿದುಹೋಗಿದ್ದಳು. ಆ ದಿನ ಮಜ್ಜಿಗೆ ಇರಲಿಲ್ಲ, ನೀರು ಕೊಟ್ಟಳು. ಮಗ ಆ ಶನಿವಾರ ನನ್ನ ಜೊತೆಯಲ್ಲೇ ಇದ್ದ, ಕದ್ದಿಲ್ಲ ಎಂದು ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲವೋ, ಕೇಳಿಯೂ ನಂಬಲಿಲ್ಲವೋ.

"ದೊಡ್ಡೋನೂ ಇಲ್ಲ ಅಂತ್ಲೇ ಅಂದಾನು ಅಂತ ಕಾದೆ ಕಣವ್ವ. ಅವ್ನು ನಾನೇ ಮಾಡ್ದೆ ಅಂದ. ಇವ್ನೂ ಅವ್ನ್ ದಾರೀನೇ ಇಡ್ದ. ಬರ್ಲಿ. ಇವ್ನಿಗೂ ಜಗಲೀಲೆ ಇಕ್ತೀನಿ."

ನನ್ನ ನಾಲಗೆಯ ತುದಿಯಲ್ಲಿ ಎಲ್ಲವೂ ಇತ್ತು. ಹೇಳಿದರೆ ಒಬ್ಬ ಮಗ ತಾಯಿಯ ಕಣ್ಣಲ್ಲಿ ಕಳ್ಳತನದಿಂದ ಪಾರಾಗುತ್ತಾನೆ, ಅವನು ಸತ್ತವನು. ಬದುಕಿರುವವನು ಇನ್ನೂ ಆಳಕ್ಕೆ ಬೀಳುತ್ತಾನೆ. ಮುದುಕಿಯಂತೂ ಆ ತಟ್ಟೆಯನ್ನು ನೆನೆದು ನೆನೆದು ಸಾಯುತ್ತಾಳೆ. ಒಂದು ಗಂಟೆ ಕೂತಿದ್ದು, ಏನೂ ಹೇಳದೆ ಎದ್ದುಬಂದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು, ಯಾರ್ ತೀರೋದ್ರವ್ವ ಎಂದು ಕೇಳಿದಳು. ಆಗ ಗೊತ್ತಾಯಿತು ನಾನು ಅಳುತ್ತಿದ್ದೇನೆ ಎಂದು.

ಮೂರನೆಯ ತಿಂಗಳು ಅವನ ತಾಯಿ ತೀರಿಕೊಂಡಳು. ಕಾಯಿಲೆ ಎಂಥದೂ ಇರಲಿಲ್ಲ. ಬೆಳಿಗ್ಗೆ ಸೊಸೆ ಕರೆದಾಗ ಏಳಲಿಲ್ಲ ಅಷ್ಟೆ.

ನ್ಯಾಯಾಲಯ ಮಗನಿಗೆ ಕೆಲವು ಗಂಟೆಗಳ ಅನುಮತಿ ಕೊಟ್ಟಿತು. ಇಬ್ಬರು ಪೊಲೀಸರ ನಡುವೆ ಬಂದ. ಕೇರಿಯ ಜನ ದಾರಿ ಬಿಟ್ಟರು, ಯಾರೂ ಮಾತಾಡಿಸಲಿಲ್ಲ. ಮಡಕೆ ಹೊತ್ತು ಸುತ್ತು ಬಂದ, ಮಣ್ಣು ಹಾಕಿದ. ಅಳಲಿಲ್ಲ. ಕೈ ತೊಳೆದುಕೊಂಡವನು ಸುತ್ತ ನೋಡಿ, ಬೇಲಿಯ ಪಕ್ಕದಲ್ಲಿ ನಿಂತಿದ್ದ ನನ್ನ ಹತ್ತಿರ ಬಂದ. ಪೊಲೀಸರೂ ಜೊತೆಗೇ ಬಂದರು.

"ಇನ್ ತಕ್ಕಬನ್ನಿ ಮೇಡಮ್ಮೋರೆ, ಆ ಬುಕ್ಕ," ಎಂದ. "ಓದ್ಲಿ ಎಲ್ರೂವೆ."

ಎರಡನೆಯ ಅರ್ಜಿ ಜಿಲ್ಲಾ ನ್ಯಾಯಾಲಯದಲ್ಲಿ ಬಂತು. ಪುಸ್ತಕ ಕೊಟ್ಟೆ. ಸರ್ಕಾರಿ ವಕೀಲರು ಅವನು ಸಹಿ ಹಾಕಿದ ಪುಟವನ್ನೇ ಹಿಡಿದು, ಇವನು ಇದಕ್ಕಿಂತ ದೊಡ್ಡ ಅಪರಾಧ ಮಾಡಿದವನು, ತಾನೇ ಒಪ್ಪಿದ್ದಾನೆ ಎಂದು ವಾದಿಸಿದರು. ನ್ಯಾಯಾಧೀಶರು ತಾರೀಖು ನೋಡಿದರು, ಅಂಚಿನ ಹೊತ್ತಿನ ಗುರುತುಗಳನ್ನು ನೋಡಿದರು, ಹಿಂದಿನ ಮುಂದಿನ ಪುಟಗಳನ್ನು ತಿರುವಿದರು. ಜಾಮೀನು ಸಿಕ್ಕಿತು. ಕೆಲವು ತಿಂಗಳಾದ ಮೇಲೆ ಬೇರೆ ಜಿಲ್ಲೆಯಲ್ಲಿ ಸಿಕ್ಕಿಬಿದ್ದವನೊಬ್ಬ ಮದ್ದೂರಿನ ಸರವನ್ನೂ ತಾನೇ ಕಿತ್ತದ್ದು ಎಂದು ಒಪ್ಪಿಕೊಂಡ. ಇವನ ಹೆಸರನ್ನು ಕೇಸಿನಿಂದ ತೆಗೆದರು. ಮಿಲ್ಲಿನ ಹಳೇ ಕೇಸು ಮುಗಿದ ಕಡತ, ಶಿಕ್ಷೆ ಆಗಿಹೋಗಿದೆ, ಸತ್ತವನನ್ನು ಬಿಡುಗಡೆ ಮಾಡುವುದಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ.

ಆದರೆ ಪುಟದ ಪ್ರತಿಗಳು ಎರಡೂ ಕಡೆಯವರಿಗೆ ಹೋಗಿದ್ದವು. ಎರಡು ದಿನದಲ್ಲಿ ಅದು ಕೇರಿಯ ಮೊಬೈಲುಗಳಲ್ಲೆಲ್ಲ ಓಡಾಡಿತು. ಅವನ ಹೆಂಡತಿಗೆ ವಕೀಲರೇ ಒಂದು ಪ್ರತಿ ಕೊಟ್ಟಿದ್ದರು. ನ್ಯಾಯಾಲಯದ ವರಾಂಡದಲ್ಲಿ ಕಂಬಕ್ಕೆ ಒರಗಿ ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಓದಿ ಮುಗಿಸಿ ಹಾಳೆಯನ್ನು ನಾಲ್ಕಾಗಿ ಮಡಿಸಿದಳು.

"ಮೂರ್ ತಿಂಗ್ಳು," ಎಂದಳು. "ಅವ್ರಿಗೂ ಗೊತ್ತಿತ್ತು, ನಿಮ್ಗೂ ಗೊತ್ತಿತ್ತು. ನಾನೊಬ್ಳೆ ಬಾಗ್ಲು ಬಾಗ್ಲು ಅಲೀತಿದ್ದೆ."

ಆ ವಾರವೇ ಮಕ್ಕಳನ್ನು ಕರೆದುಕೊಂಡು ಆತಗೂರು ಕಡೆಯ ತವರಿಗೆ ಹೊರಟುಹೋದಳು. ಶಾಲೆಯವರು ವ್ಯಾನಿಗೆ ಬೇರೆ ಡ್ರೈವರನ್ನು ಇಟ್ಟುಕೊಂಡಿದ್ದರು. ನಾನು ಹೋಗಿ ಕೇಳಿದೆ, ಅವನ ಮೇಲೆ ಕೇಸೇ ಇಲ್ಲವಲ್ಲ ಈಗ ಎಂದು. ಸರ ಕದ್ದಿಲ್ಲ ಸರಿ, ತಲೆ ಒಡೆದದ್ದು ಒಡೆದದ್ದೇ ಅಲ್ಲವೇ, ಅಪ್ಪ ಅಮ್ಮಂದಿರು ಒಪ್ಪುವುದಿಲ್ಲ ಎಂದು ಅಲ್ಲಿಯ ಮುಖ್ಯಸ್ಥೆ ಮೆತ್ತಗೆ ಹೇಳಿದರು. ಅವನು ಮಿಲ್ಲಿನ ಕಾವಲುಗಾರನ ಮನೆಗೂ ಹೋಗಿದ್ದನಂತೆ. ಮನೆಯವರು ಒಳಗಿಂದ ಅಗುಳಿ ಹಾಕಿಕೊಂಡರು. ಮಧ್ಯಾಹ್ನದವರೆಗೂ ರಸ್ತೆಯಲ್ಲಿ ನಿಂತಿದ್ದು ಬಂದನಂತೆ.

ನಾಲ್ಕನೆಯ ಸುತ್ತಿನ ವಿವರಗಳನ್ನು ಕಂಪ್ಯೂಟರಿಗೆ ಹಾಕಲು ನಾನು ಕೂತದ್ದು ಇದೆಲ್ಲ ಆದ ಮೇಲೆ. ಮದುವೆ, ಕೆಲಸ, ಪೊಲೀಸ್ ಸಂಪರ್ಕ. ಆ ಶನಿವಾರ ಅವನು ಹೇಳಿದ ಉತ್ತರಗಳಲ್ಲಿ ಒಂದೂ ಈಗ ನಿಜವಾಗಿ ಉಳಿದಿರಲಿಲ್ಲ. ಬದುಕು ಹೀಗೆ ತಿರುಗಿದ್ದು ಯಾವುದರಿಂದ ಎಂದು ತೋರಿಸಲು ನನ್ನ ಪಟ್ಟಿಯಲ್ಲಿ ಒಂದು ಸಂಕೇತವೂ ಇರಲಿಲ್ಲ. ಅಧ್ಯಯನ ಅಲ್ಲಿಗೆ ನಿಂತಿತು. ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಕೇರಿಗಳಿಗೆ ಹೋಗುವುದಿಲ್ಲ. ಹೋದರೂ ಯಾರೂ ಮಾತಾಡುವುದಿಲ್ಲ, ಗುರುಗಳು ಹೇಳಿದ್ದು ಅಕ್ಷರಶಃ ಆಯಿತು.

ಹೋದ ವರ್ಷ ಮಳವಳ್ಳಿ ಬಸ್ ನಿಲ್ದಾಣದಲ್ಲಿ ಅವನು ಸಿಕ್ಕಿದ. ಕೂದಲು ಅರ್ಧ ನರೆತಿತ್ತು. ಆಲೆಮನೆಯೊಂದರಲ್ಲಿ ಬೆಲ್ಲದ ಕೆಲಸಕ್ಕಿದ್ದಾನೆ, ಕೈಯೆಲ್ಲ ಸುಟ್ಟ ಗುರುತು. ಚಿಕ್ಕ ಮಗಳು ಆಗಾಗ ಫೋನು ಮಾಡುತ್ತಾಳೆ ಎಂದ, ದೊಡ್ಡ ಮಗ ಮಾಡುವುದಿಲ್ಲ ಎಂದ. ನನ್ನ ಮೇಲೆ ಸಿಟ್ಟಿಲ್ಲವೇ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವನ ಬಸ್ಸು ಬರುವವರೆಗೆ ಬೆಂಚಿನ ಮೇಲೆ ಕೂತೆವು.

"ನೀವ್ ಅವ್ವುನ್ನ ನೋಡಕ್ ಓಗಿದ್ರಂತೆ," ಎಂದ. "ಪಕ್ಕದ್ ಮನೆಯೋರು ಏಳುದ್ರು. ನನ್ ಬಗ್ಗೆ ಏನಾರ ಅಂದ್ಲಾ?"

ಇಷ್ಟು ವರ್ಷ ನಿಜ ಹೇಳು ಎಂದು ಅವನನ್ನು ಕೇಳಿ ಕೇಳಿ ಬರೆದುಕೊಂಡವಳು ನಾನು.

"ನೀನು ಕದ್ದಿರೋದಿಲ್ಲ ಅಂದ್ರು," ಎಂದೆ.

ಅವನು ನನ್ನ ಮುಖ ನೋಡಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಕಿರುಗಾವಲಿನ ಬಸ್ಸು ಬಂತು. ಬತ್ತೀನಿ ಎಂದು ಎದ್ದ. ಜನ ನುಗ್ಗುತ್ತಿದ್ದರು. ಎಲ್ಲರೂ ಹತ್ತಲಿ ಎಂದು ಪಕ್ಕಕ್ಕೆ ನಿಂತು, ಕೊನೆಯಲ್ಲಿ ಹತ್ತಿ, ಒಳಗೆ ಜಾಗವಿಲ್ಲದೆ ಬಾಗಿಲ ಹತ್ತಿರವೇ ಕಂಬಿ ಹಿಡಿದು ನಿಂತ.